ಬೆಸ್ತರ ಕೆಂಚಿ ಕೆರೆಯ ಮೀನಿನ ಲೆಕ್ಕ ಹೇಳಿದ್ದು

"ಕೇಳಿರಪ್ಪೋ ಕೇಳಿ! ಉದ್ದಂಡರಾಯ ಮಹಾರಾಜರ ಮೂರು ಒಗಟು ಬಿಡಿಸಿದವರು ಕೇಳಿದ್ದು ಪಡೆಯಬಹುದು. ತಪ್ಪಿದರೆ ತಲೆ ಕೋಟೆಗೋಡೆಗೆ!"

ಡಂಗುರ ಮುಗಿಯುವಷ್ಟರಲ್ಲಿ ಬೆಸ್ತರ ಕೆಂಚಿ ಕೂಸನ್ನು ಸೊಂಟಕ್ಕೇರಿಸಿ ಅರಮನೆಗೆ ಹೊರಟಳು. ಅರಸನ ಕೆರೆಯಲ್ಲಿ ಒಂದು ಮೀನು ಹಿಡಿದ ತಪ್ಪಿಗೆ ಅವಳ ಗಂಡ ಜೋಗನ ತಲೆ ಆ ವಾರವೇ ಉರುಳಲಿತ್ತು.

ರಾಜ ತಾಮ್ರದ ಬಿಲ್ಲೆ ತೋರಿಸಿದ. "ಒಂದು ಮುಖ ಹುಲಿ, ಒಂದು ಮುಖ ಹಂದಿ. ಆರು ಸಲ ಎಸೆದೆ, ಆರೂ ಹುಲಿ. ಏಳನೆಯದು?"

"ಇನ್ನು ಹಂದಿಯ ಸರದಿ," ಎಂದು ದಳವಾಯಿ ಮೀಸೆ ತಿರುವಿದ. ಹುಲಿ ಬಿತ್ತು. ತಲೆ ಕಡಿಯುವ ಭೈರ ಕತ್ತಿ ಬೀಸಿದ. ಮೀಸೆ ಸಮೇತ ತಲೆ ಮೆಟ್ಟಿಲಿಳಿಯಿತು.

"ಹುಲಿಗೇ ಯೋಗವಿದೆ," ಎಂದ ಜೋಯಿಸ. ರಾಜ ಮತ್ತೆ ಎಸೆದ, ಹಂದಿ ಬಿತ್ತು. ಜೋಯಿಸ ತನ್ನ ಯೋಗ ಮಾತ್ರ ನೋಡಿಕೊಂಡಿರಲಿಲ್ಲ.

ಕೆಂಚಿ ರಕ್ತ ದಾಟಿ ಬಂದಳು. "ಬಿಲ್ಲೆಗೆ ನೆನಪೆಲ್ಲಿಯದು ಬುದ್ಧೀ? ಹಿಂದೆ ಏನೇ ಬಿದ್ದಿರಲಿ, ಪ್ರತಿ ಸಲವೂ ಹುಲಿಗೂ ಹಂದಿಗೂ ಅರ್ಧಕ್ಕರ್ಧವೇ."

ರಾಜ ಹಲ್ಲು ಕಡಿದ. "ಸರಿ. ಕೆರೆ ಬತ್ತಿಸದೆ ಮೀನೆಷ್ಟು ಹೇಳು."

"ಸಾವಿರದ ಹನ್ನೊಂದು!" ಎಂದು ಮಂತ್ರಿ ಮುಂದೆ ಬಿದ್ದ.

ಕೆಂಚಿ ಮೂರು ದಿನದ ಗಡುವು ಕೇಳಿದಳು. ಇನ್ನೂರು ಮೀನು ಹಿಡಿದು ಬಾಲದ ತುದಿ ಕತ್ತರಿಸಿ ಬಿಟ್ಟಳು. ಅವು ಕೆರೆಯೆಲ್ಲ ಬೆರೆತ ಮೇಲೆ ಮತ್ತೆ ಇನ್ನೂರು ಹಿಡಿದಳು. ನಲವತ್ತರ ಬಾಲ ಮೊಂಡಾಗಿತ್ತು.

"ಐದರಲ್ಲೊಂದಕ್ಕೆ ನನ್ನ ಗುರುತಿದೆ. ಗುರುತಿಟ್ಟದ್ದು ಇನ್ನೂರು, ಅಂದರೆ ಕೆರೆಯ ಐದನೇ ಒಂದು ಪಾಲು. ಸಾವಿರದ ಆಸುಪಾಸು, ಎಂಟುನೂರರಿಂದ ಸಾವಿರದ ಮುನ್ನೂರರೊಳಗೆ."

"ಒಂದೇ ಲೆಕ್ಕ ಹೇಳೇ!"

"ಆಗದು ಬುದ್ಧೀ. ಹೀಗೆ ಇಪ್ಪತ್ತು ಸಲ ಮಾಡಿದರೆ ಹತ್ತೊಂಬತ್ತು ಸಲ ನಿಜವಾದ ಲೆಕ್ಕ ನಾನು ಹಾಕಿದ ಎಲ್ಲೆಯೊಳಗೇ ಇರುತ್ತದೆ. ಇದು ತಪ್ಪುವ ಆ ಇಪ್ಪತ್ತನೆಯದಾದರೆ ನನ್ನ ಕುತ್ತಿಗೆ ಇಲ್ಲೇ ಇದೆ."

ರಾಜ ಕೆರೆ ಒಡೆಸಿ ಎಣಿಸಿದ. ಸಾವಿರದ ಎಪ್ಪತ್ತನಾಲ್ಕು. ಅರವತ್ತಮೂರು ಮೀನಿನ ವ್ಯತ್ಯಾಸಕ್ಕೆ ಮಂತ್ರಿಯ ತಲೆ ಹೋಯಿತು.

"ಕೊನೆಯದು," ಎಂದ ರಾಜ. "ನನ್ನ ಆಳ್ವಿಕೆ ಹೇಗಿದೆಯೆಂದು ಸಾವಿರ ಜನರನ್ನು ಕೇಳಿದೆ. ಎಲ್ಲರೂ ಚೆನ್ನಾಗಿದೆ ಎಂದರು. ನಾಡಿನಲ್ಲಿ ನನ್ನನ್ನು ಮೆಚ್ಚದವರು ಎಷ್ಟು?"

ಕೂಸು ಅಳತೊಡಗಿತು. ಕೆಂಚಿ ಅದರ ಬೆನ್ನು ತಟ್ಟಿದಳು. "ಅದರಿಂದ ಏನೂ ಗೊತ್ತಾಗದು. ಹಿಟ್ಟು ಹಾಕಿದ ಕಡೆಯೇ ಬಲೆ ಬೀಸಿದರೆ ಕೆರೆಯ ಲೆಕ್ಕ ಸಿಗುತ್ತದೆಯೇ? ಪಕ್ಕದಲ್ಲಿ ಕತ್ತಿ ನಿಲ್ಲಿಸಿಕೊಂಡು ಕೇಳಿದಿರಿ. ಮೆಚ್ಚದವರ ತಲೆಗಳು ಗೋಡೆಯ ಮೇಲಿವೆ. ಅವರನ್ನು ಎಣಿಸಿದಿರಾ?"

"ಕಡಿ ಇವಳನ್ನು!"

ಭೈರ ಎತ್ತಿದ ಕತ್ತಿ ಹಾಗೇ ನಿಂತಿತು. "ನನ್ನನ್ನೂ ಯಾರೂ ಕೇಳಿರಲಿಲ್ಲ," ಎನ್ನುತ್ತ ರಾಜನ ಕಡೆ ತಿರುಗಿದ. ಒಂದೇ ಏಟು. ಗೋಡೆಯ ಮೇಲೆ ಉಳಿದಿದ್ದ ಜಾಗ ತುಂಬಿತು.

ಜನ ಸಿಂಹಾಸನ ತೋರಿಸಿದರು. ಕೆಂಚಿ ಸೆರೆಮನೆಯ ಬೀಗದ ಕೈ ಕೇಳಿದಳು. ಮೀನನ್ನೆಲ್ಲ ಊರು ಹಂಚಿಕೊಂಡಿತು.

ಹೊರಗೆ ಬಂದ ಜೋಗ ಕೂಸಿಗೆ ಕೈ ಚಾಚಿದ. ಅವಳು ಕೊಟ್ಟಳು, ಕೊಡುತ್ತಲೇ ಅಂದಳು: "ಇನ್ನು ಬಲೆ ಬೀಸುವ ಮೊದಲು ನನ್ನನ್ನೊಂದು ಮಾತು ಕೇಳು."