ಹೊಳೆ ಕಳಿಸಿಕೊಟ್ಟ ಬಾಯಾರಿಕೆ

ಭೂಮಿ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮೈಮೇಲೆ ಹುಲ್ಲು ಆಗತಾನೇ ಚಿಗುರುತ್ತಿತ್ತು. ಆಗ ಹೊಳೆಗಳು ಹರಿಯುತ್ತಿರಲಿಲ್ಲ, ಊರ ಪಕ್ಕದಲ್ಲೇ ತಂಗಿರುತ್ತಿದ್ದವು. ಬಾಯಾರಿಕೆ ಅನ್ನುವುದೂ ಇರಲಿಲ್ಲ. ಯಾರು ಎಷ್ಟು ನೀರು ಕುಡಿಯಬೇಕೆಂದು ದಿನವೂ ಹೊಳೆಯವ್ವನೇ ಹೇಳುತ್ತಿದ್ದಳು.

"ಆಡೇ, ಇವತ್ತು ಬಿಸಿಲು ಜೋರಿದೆ, ಇನ್ನೆರಡು ಗುಟುಕು ಕುಡಿ. ಗುಬ್ಬೀ, ನಿನಗೆ ಮೂರು ಹನಿ ಸಾಕು."

ದಡದ ಮೇಲೆ ಬೊಮ್ಮಿ ಎಂಬ ಹುಡುಗಿ ತಾತನ ಜೊತೆ ಇದ್ದಳು. ಅವಳಿಗೆ ತಾಯಿ ಇರಲಿಲ್ಲ. "ಬೊಮ್ಮೀ, ಬಾ ಮಗಳೇ, ನೀರು ಕುಡಿ" ಎಂದು ದಿನಕ್ಕೆ ಎಂಟು ಹತ್ತು ಸಲ ಹೊಳೆಯವ್ವ ಕರೆಯುತ್ತಿದ್ದಳು. ಅಷ್ಟು ಸಲ ಅವಳನ್ನು ಕರೆಯುವವರು ಬೇರೆ ಯಾರೂ ಇರಲಿಲ್ಲ.

ಒಂದು ದಿನ ಗಾಳಿ ಬಂದು ಹೊಳೆಯವ್ವನಿಗೆ ಹೇಳಿತು, "ನಿನ್ನ ತಾಯಿ ಕಡಲಮ್ಮ ದಿನಾ ನಿನ್ನನ್ನೇ ಕೇಳುತ್ತಾಳೆ."

ಅಂದಿನಿಂದ ಹೊಳೆಯವ್ವನ ದನಿ ಸಣ್ಣಗಾಯಿತು. ನೀರು ಮಂಕಾಯಿತು.

"ಅವ್ವಾ, ಹೋಗಬೇಕು ಅನ್ನಿಸುತ್ತಾ?" ಬೊಮ್ಮಿ ಕೇಳಿದಳು.

"ಅನ್ನಿಸುತ್ತದೆ ಮಗಳೇ. ಆದರೆ ನಾನು ಹೋದರೆ ನಿಮಗೆಲ್ಲ ನೀರಿನ ಅಳತೆ ಹೇಳುವವರು ಯಾರು?"

ಬೊಮ್ಮಿಗೆ ಅಳು ಒತ್ತಿ ಬಂತು. ಆದರೂ ಒಣಗಿದ ಸೋರೆಬುರುಡೆಯೊಂದನ್ನು ಎತ್ತಿ ತೋರಿಸಿದಳು. "ಅಳತೆ ನಾನು ನೋಡಿಕೊಳ್ಳುತ್ತೇನೆ. ನೀನು ನಿನ್ನವ್ವನ ಹತ್ತಿರ ಹೋಗು."

ಹೊಳೆಯವ್ವ ಹೊರಟಳು. ಬೆಟ್ಟದಿಂದ ಹೊಸ ನೀರು ಇಳಿದು ಬರುತ್ತಲೇ ಇತ್ತು. ಆದರೆ ಆ ನೀರಿಗೂ ಕಡಲು ಸೇರುವ ಅವಸರ. ಅದು ನಿಂತು ಯಾರನ್ನೂ ಕರೆಯಲಿಲ್ಲ.

ದಿನಕ್ಕೆ ಮೂರು ಬುರುಡೆ ಎಂದು ಬೊಮ್ಮಿ ಎಲ್ಲರಿಗೂ ಗೊತ್ತುಮಾಡಿದಳು. ಮಳೆ ಹಿಡಿದ ದಿನ ಮೂರು ಬುರುಡೆ ಕುಡಿದ ಆಡಿನ ಮರಿ ಹೊಟ್ಟೆ ಉಬ್ಬರಿಸಿಕೊಂಡು ಒದ್ದಾಡಿತು. ಅಳತೆಯನ್ನು ಎರಡಕ್ಕೆ ಇಳಿಸಿದಳು. ಆಮೇಲೆ ಬಿಸಿಲು ಬಂತು. ನೆಲ ಅಗೆಯುತ್ತಿದ್ದ ತಾತ ತನ್ನ ಪಾಲಿನ ಎರಡು ಬುರುಡೆ ಕುಡಿದಿದ್ದರೂ ತಲೆ ತಿರುಗಿ ಬಿದ್ದ. ತುಟಿ ಒಡೆದಿತ್ತು. ಕರೆದರೆ ಕಣ್ಣು ಬಿಡಲಿಲ್ಲ. ಎಷ್ಟು ಕುಡಿಸಬೇಕೋ, ಹೆಚ್ಚಾದರೆ ಏನಾಗುವುದೋ ಬೊಮ್ಮಿಗೆ ತಿಳಿಯಲಿಲ್ಲ.

"ಗಾಳಿಯಣ್ಣ, ಅವ್ವನಿಗೆ ಹೇಳು. ನನ್ನ ಅಳತೆ ತಪ್ಪಿತು. ಒಂದೇ ಒಂದು ಸಲ ಬಂದು ಹೋಗಲಿ."

ಗಾಳಿ ಓಡಿತು. ಬಿಸಿಲು ಇಳಿಯುವ ಹೊತ್ತಿಗೆ ಒದ್ದೆಯಾಗಿ ಮರಳಿತು.

"ಇಳಿದ ಹೊಳೆ ಮತ್ತೆ ಏರಲಾರದಂತೆ ಮಗೂ. ಅದಕ್ಕೇ ತನ್ನ ಕರೆಯನ್ನು ಕಳಿಸಿದ್ದಾಳೆ. ಎಲ್ಲರ ಗಂಟಲಲ್ಲೂ ಇಡು ಅಂದಳು. ಮೈಗೆ ನೀರು ಬೇಕಾದಾಗ ಅದು ಕರೆಯುತ್ತದೆ, ಸಾಕಾದಾಗ ಸುಮ್ಮನಾಗುತ್ತದೆ."

ಗಾಳಿ ತಾತನ ಬಾಯೊಳಗೆ ಮೆಲ್ಲಗೆ ಊದಿತು. ತಾತ ತುಟಿ ಅಲುಗಿಸಿ "ನೀರು" ಅಂದ. ಬೊಮ್ಮಿ ಗುಟುಕು ಗುಟುಕಾಗಿ ಕುಡಿಸಿದಳು. ಎರಡನೆಯ ಬುರುಡೆ ಅರ್ಧವಾಗುವಾಗ ತಾತ ಕೈ ಅಡ್ಡ ಹಿಡಿದ. "ಸಾಕು ಕೂಸೇ" ಎಂದು ಎದ್ದು ಕೂತ.

ಆಮೇಲೆ ಗಾಳಿ ಎಲ್ಲರ ಬಾಯೊಳಗೂ ಊದುತ್ತಾ ಹೋಯಿತು. ಬೊಮ್ಮಿಯ ಗಂಟಲೂ ಒಣಗಿತು. ಅದು ಯಾರ ದನಿ ಎಂದು ಅವಳಿಗೆ ಗುರುತು ಸಿಕ್ಕಿತು. ದಡಕ್ಕೆ ಓಡಿ ಬೊಗಸೆ ಬೊಗಸೆ ಕುಡಿದಳು. ದನಿ ನಿಂತುಹೋಯಿತು. ಬೊಮ್ಮಿ ಅಲ್ಲೇ ಕೂತು, ಹರಿದು ಹೋಗುವ ನೀರನ್ನು ನೋಡುತ್ತಾ, ಆ ದನಿ ಮತ್ತೆ ಕರೆಯುವುದನ್ನೇ ಕಾದಳು.

ಅದಕ್ಕೇ ಇವತ್ತಿಗೂ ಹೊಳೆಗಳು ಎಲ್ಲೂ ನಿಲ್ಲದೆ ಕಡಲಿನ ಕಡೆಗೆ ಹರಿಯುತ್ತವೆ, ನೀನು ಬಿಸಿಲಲ್ಲಿ ಆಡಿ ಬಂದಾಗ ಗಂಟಲು ಒಣಗಿ, "ಬಾ ಮಗೂ, ನೀರು ಕುಡಿ" ಎಂದು ಕರೆಯುತ್ತದೆ.