ಇಲ್ಲದ ಚೆಂಡು

ತುಂಗಭದ್ರೆಯ ದಂಡೆಯ ಆಶ್ರಮವೊಂದರಲ್ಲಿ ಸೋಮವಾರ ಸಂಜೆ ಗಂಭೀರ ಘಟನೆಯೊಂದು ನಡೆಯಿತು. ಹಜಾರದ ಪೂಲ್ ಮೇಜಿನ ಮೇಲಿದ್ದ ಕೆಂಪು ಚೆಂಡು ಪಾಕೆಟ್ಟಿಗೆ ಬೀಳಲಿಲ್ಲ. ಮಂಗಳವಾರವೂ ಬೀಳಲಿಲ್ಲ. ಪ್ರಾಣಹಾನಿಯ ವರದಿ ಇಲ್ಲ.

ಆಶ್ರಮಕ್ಕೆ ಪೂಲ್ ಮೇಜು ಏಕೆ ಎಂದು ಕೇಳುವವರಿದ್ದಾರೆ. ಪೇಟೆಯ ಕ್ಲಬ್ಬು ಮುಚ್ಚಿದಾಗ ಅದರ ಮಾಲೀಕ ಭಕ್ತಿಯಿಂದ ತಂದಿಟ್ಟು ಕೈ ಮುಗಿದು ಹೋದ. ಅವನಿಗಿಂತ ಹಿಂದಿನ ಭಕ್ತ ಹಸು ಕೊಟ್ಟಿದ್ದ. ಚನ್ನವೀರ ಗುರುಗಳು ಎರಡನ್ನೂ ಬೇಡ ಅನ್ನಲಿಲ್ಲ.

ಮೇಜು ಬಂದ ಮೇಲೆ ಒಂದು ನಿಯಮವೂ ಬಂತು. ಗುರುಗಳು ಇಟ್ಟುಕೊಟ್ಟ ಚೆಂಡನ್ನು ಅವರು ಹೇಳಿದ ಪಾಕೆಟ್ಟಿಗೆ ಹಾಕಿದ ಶಿಷ್ಯ ಒಂದು ಪ್ರಶ್ನೆ ಕೇಳಬಹುದು. ಬಾಯಿಂದ ಮೊದಲು ಬಂದದ್ದೇ ಪ್ರಶ್ನೆ. ಅದಕ್ಕೆ ಮಾತ್ರ ಉತ್ತರ.

ಶಿಷ್ಯ ಕೊಟ್ರೇಶನ ಪ್ರಶ್ನೆ ಸಿದ್ಧವಾಗಿತ್ತು. ಕಾವಿ ಉಡಲೋ, ಹರಿಹರದ ಕಮಲಾಕ್ಷಿಯನ್ನು ಮದುವೆಯಾಗಲೋ?

"ಈ ವಾರದೊಳಗೆ ಹೇಳು. ಆಮೇಲೆ ನಾನು ಕೇಳೋದಿಲ್ಲ" ಎಂದು ಕಮಲಾಕ್ಷಿ ಭಾನುವಾರ ಹೇಳಿ ಕಳಿಸಿದ್ದಳು. ಗುರುಗಳು ಶುಕ್ರವಾರ ಸೂರ್ಯ ಮುಳುಗಿದೊಡನೆ ಒಂದು ವರ್ಷದ ಮೌನಕ್ಕೆ ಕೂರುವವರಿದ್ದರು.

ಶುಕ್ರವಾರ ಸಂಜೆ ಕೊಟ್ರೇಶ ಕೋಲು ಹಿಡಿದು ಮೇಜಿನ ಮೇಲೆ ಬಾಗಿದ್ದ.

"ಎಲ್ಲಿಗೆ ಗುರಿ ಇಟ್ಟಿದ್ದೀಯಪ್ಪಾ?" ಗುರುಗಳು ಕೇಳಿದರು.

"ಇಲ್ಲದ ಚೆಂಡಿಗೆ ಗುರುಗಳೇ."

"ಅದೆಲ್ಲಿದೆ?"

"ಕೆಂಪು ಚೆಂಡಿನ ಹಿಂದೆ ಇನ್ನೊಂದು ಚೆಂಡು ಅಂಟಿಕೊಂಡಿದೆ ಅಂತ ನೋಡಬೇಕು. ಬಿಳಿ ಚೆಂಡು ಹೋಗಿ ಅದರ ಜಾಗದಲ್ಲೇ ಬಡಿದರೆ, ಕೆಂಪು ಓರೆಯಾಗಿ ಹೊರಟು ಪಾಕೆಟ್ಟಿಗೆ ಬೀಳ್ತದೆ. ಕಟ್ ಹೊಡೆತಕ್ಕೆ ಇದೇ ಲೆಕ್ಕ."

"ಕಾಣಿಸ್ತಾ ಇದೆಯಾ?"

"ಇಲ್ಲದ್ದು ಚೆನ್ನಾಗಿ ಕಾಣಿಸ್ತಾ ಇದೆ. ಇರೋದೇ ಸ್ವಲ್ಪ ಮಸುಕು."

ಹೊಡೆದ. ಕೆಂಪು ಚೆಂಡು ಪಾಕೆಟ್ಟಿನ ಪಕ್ಕಕ್ಕೆ ಹೋಗಿ ನಿಂತಿತು.

"ಇರೋ ಚೆಂಡು ಎಲ್ಲಿ ಹೋಯ್ತು?"

"ನದಿ ಕಡೆ."

"ಇಲ್ಲದ್ದು?"

"ಅದು ಅಲ್ಲೇ ಇದೆ ಗುರುಗಳೇ."

ಅಡುಗೆಯ ಸಂಕಮ್ಮ ಸೌಟು ಹಿಡಿದು ಬಾಗಿಲಿಗೆ ಬಂದಳು. "ಇಲ್ಲದ ಚೆಂಡು ಕಾಣೋನಿಗೆ ರಾತ್ರಿ ಇಲ್ಲದ ಮುದ್ದೆ ಸಾಕಲ್ವಾ?"

"ಸಂಕಮ್ಮಾ, ತಲೆ ಕೆಟ್ಟಿದೆ. ಭಾನುವಾರದ ತನಕ ಇದೇ ಲೆಕ್ಕದಲ್ಲಿ ಎಲ್ಲಾ ಬೀಳ್ತಿತ್ತು."

"ಸೋಮವಾರ ಹಜಾರ ತೊಳೆದು, ಉಳಿದ ಇಟ್ಟಿಗೆ ತಂದು ನನ್ನ ಒಲೆ ಸರಿಮಾಡಿಕೊಟ್ಟೆಯಲ್ಲ, ನಿನ್ನ ಕೈಲಿ ನೆಟ್ಟಗೆ ಆದ ಕೊನೇ ಕೆಲಸ ಅದೇ ನೋಡು" ಎಂದು ಅವಳು ಒಳಗೆ ಹೋದಳು.

ಗುರುಗಳು ಚೆಂಡುಗಳನ್ನು ಬೇರೆ ಕಡೆ ಇಟ್ಟರು.

"ಬ್ಯಾಂಕ್ ಹೊಡೆದು ನೋಡು. ಕೆಂಪು ಎದುರಿನ ಅಂಚಿಗೆ ಬಡಿದು, ತಿರುಗಿ ಬಂದು ನಿನ್ನ ಕಡೆಯ ನಡುವಿನ ಪಾಕೆಟ್ಟಿಗೆ ಬೀಳಬೇಕು."

ಕೊಟ್ರೇಶ ಹೆಜ್ಜೆ ಹಾಕಿ ಮೇಜಿನ ಅಗಲ ಅಳೆದ. ಎದುರಿನ ಅಂಚಿನಿಂದ ಆಚೆಗೆ ಅಷ್ಟೇ ದೂರದಲ್ಲಿ ಒಂದು ಸ್ಟೂಲು ಇಟ್ಟು, ಅದರ ಮೇಲೆ ಗುರುಗಳ ನೀರಿನ ಚೊಂಬು ಕೂರಿಸಿದ.

"ಇದೇನು?"

"ಆ ಅಂಚು ಒಂದು ಕನ್ನಡಿ ಅಂದ್ಕೊಳ್ಳಿ. ಕನ್ನಡಿಯೊಳಗೆ ಇಂಥದೇ ಇನ್ನೊಂದು ಮೇಜು. ಆ ಮೇಜಿನ ಪಾಕೆಟ್ಟೇ ಈ ಚೊಂಬು. ಅದಕ್ಕೆ ನೇರ ಹೊಡೆದರೆ, ಚೆಂಡು ಇಲ್ಲಿ ಬೀಳ್ತದೆ."

"ಆ ಮೇಜಿನಲ್ಲಿ ಯಾರು ಆಡ್ತಾ ಇದ್ದಾರೆ?"

ಕೊಟ್ರೇಶ ಯೋಚಿಸಿದ. "ನಾನೇ ಇರಬೇಕು."

"ಅವನಿಗೆ ಬೀಳ್ತದಾ?"

"ಅವನಿಗೆ ಯಾವಾಗಲೂ ಬೀಳ್ತದೆ."

"ಅವನು ಮದುವೆ ಆದನಾ?"

ಕೊಟ್ರೇಶ ಚೊಂಬಿನ ಕಡೆ ನೋಡಿದ.

ಹೊಡೆದ. ಬೀಳಲಿಲ್ಲ. ಮತ್ತೆ ಹೊಡೆದ. ಚೆಂಡು ಪಾಕೆಟ್ಟನ್ನು ಬಿಟ್ಟು ನದಿ ಕಡೆಗೇ ಸರಿಯಿತು. ಸೂರ್ಯ ಆಚೆ ದಡದ ಮರಗಳಿಗೆ ತಾಗಿದ್ದ.

"ಗುರುಗಳೇ, ಎಡಗಣ್ಣು ಮುಚ್ಚಿದರೆ ಚೊಂಬು ಒಂದು ಕಡೆ, ಬಲಗಣ್ಣು ಮುಚ್ಚಿದರೆ ಇನ್ನೊಂದು ಕಡೆ. ಯಾವ ಕಣ್ಣನ್ನು ನಂಬಲಿ?"

"ಅದೇ ನಿನ್ನ ಪ್ರಶ್ನೆಯೋ?"

"ಅಯ್ಯಯ್ಯೋ, ಅಲ್ಲ! ಚೆಂಡು ಇನ್ನೂ ಬಿದ್ದಿಲ್ಲ, ಲೆಕ್ಕಕ್ಕಿಲ್ಲ."

"ಸರಿ. ಎರಡೂ ಮುಚ್ಚಿ ಸ್ವಲ್ಪ ಸುಧಾರಿಸ್ಕೋ."

ಕೊಟ್ರೇಶ ಎರಡೂ ಕಣ್ಣು ಮುಚ್ಚಿದ. ಮೌನಕ್ಕೆ ಕೂರುವ ಮೊದಲು ಗಂಟಲು ಒದ್ದೆ ಮಾಡಿಕೊಳ್ಳಬೇಕಲ್ಲ, ಗುರುಗಳು ಚೊಂಬು ಎತ್ತಿ ನೀರು ಕುಡಿದರು. ಮತ್ತೆ ಸ್ಟೂಲಿನ ಮೇಲೆ ಇಟ್ಟರು. ಮೊದಲಿದ್ದಲ್ಲಿ ಅಲ್ಲ. ನದಿಯಿಂದ ದೂರಕ್ಕೆ, ಸುಮಾರು ಒಂದು ಗೇಣು ಆಚೆಗೆ.

ಕೊಟ್ರೇಶ ಕಣ್ಣು ಬಿಟ್ಟ. ಕಮಲಾಕ್ಷಿಯ ಹೆಸರನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡ. ಚೊಂಬಿಗೆ ಗುರಿ ಇಟ್ಟು ಹೊಡೆದ.

ಕೆಂಪು ಚೆಂಡು ಅಂಚಿಗೆ ಬಡಿಯಿತು, ತಿರುಗಿ ಬಂತು, ನಡುವಿನ ಪಾಕೆಟ್ಟಿನೊಳಗೆ ಟಪ್ಪೆಂದು ಬಿತ್ತು.

ಸದ್ದು ಕೇಳಿ ಸಂಕಮ್ಮ ಓಡಿ ಬಂದಳು.

ಕೊಟ್ರೇಶ ಕುಣಿಯಲು ಒಂದು ಕಾಲು ಎತ್ತಿದವನು ಹಾಗೇ ನಿಂತ. ಅವನ ಕಣ್ಣು ಸ್ಟೂಲಿನ ಮೇಲಿತ್ತು.

"ಚೊಂಬು ನಾನಿಟ್ಟ ಜಾಗದಲ್ಲಿ ಇಲ್ಲ! ಗುರಿಯೇ ತಪ್ಪಾಗಿದ್ದರೂ ಚೆಂಡು ಹೇಗೆ ಬಿತ್ತು ಗುರುಗಳೇ?"

ಸಂಕಮ್ಮ ಸೌಟಿನಿಂದ ಹಣೆ ಬಡಿದುಕೊಂಡಳು. "ಕೇಳಿಯೇ ಬಿಟ್ಟನಲ್ಲಪ್ಪಾ ಪುಣ್ಯಾತ್ಮ!"

"ಇಲ್ಲ, ಇಲ್ಲ, ಅದಲ್ಲ! ಗುರುಗಳೇ, ಹರಿಹರದ..."

ಗುರುಗಳು ಕೈ ಎತ್ತಿದರು. ಮರಗಳ ಸಂದಿನಲ್ಲಿ ಸೂರ್ಯ ಒಂದು ಕೆಂಪು ಗೆರೆಯಷ್ಟೇ ಉಳಿದಿದ್ದ.

"ಸಂಕಮ್ಮನ ಒಲೆಗೆ ನೀನು ಕೊಟ್ಟ ಇಟ್ಟಿಗೆ, ಈ ಮೇಜಿನ ನದಿ ಕಡೆ ಕಾಲಿನ ಕೆಳಗಿಂದು."