ಮೊದಲ ತುತ್ತಿನ ಕೊಂಬೆ

ಹುಣಸೆಮರದ ಕಾಗೆಗಳಲ್ಲಿ ಒಂದು ಪದ್ಧತಿಯಿತ್ತು: ರೆಕ್ಕೆ ಗಟ್ಟಿಯಿದ್ದವರು ತಮಗೆ ಸಿಕ್ಕ ಮೊದಲ ತುತ್ತುಗಳನ್ನು ಮುದುಕರ ಕೊಂಬೆಗೆ ತಂದುಕೊಡಬೇಕು. ಮುದಿ ಕಾಗೆ ಚೌಡವ್ವ ಹರೆಯದಲ್ಲಿ ಹಾಗೆಯೇ ಕೊಟ್ಟವಳು. ಆಗ ಕೊಡುವವರು ಮೂವತ್ತು, ತಿನ್ನುವವರು ಮೂವರು. "ಗೂಡಿಗೊಂದೇ ಮರಿ ಸಾಕು, ಸುಖವಾಗಿರೋಣ" ಎಂದು ಸಭೆಯಲ್ಲಿ ಕೂಗಿ ಗೆದ್ದವಳೂ ಅವಳೇ. ಈಗ ಕೊಂಬೆಯ ತುಂಬ ಮುದುಕರು, ಕೊಡುವವರು ಮೂವರು.

ಮೊಮ್ಮಗಳು ರೊಟ್ಟಿಯ ಚೂರನ್ನು ಕೊಂಬೆಯ ಮೇಲಿಟ್ಟು ಏದುಸಿರು ಬಿಟ್ಟಳು.

"ನೀನು ತಿಂದೆಯಾ ಮಗಳೇ?"

"ಮೊದಲು ನಿಮ್ಮೆಲ್ಲರದೂ ಆಗಲಿ ಅಜ್ಜಿ. ಇನ್ನೂ ಒಂಬತ್ತು ಬಾಯಿ ಉಳಿದಿವೆ."

ಅವಳ ಎದೆಯ ಎಲುಬು ಎಣಿಸುವಂತಿತ್ತು. ಚೌಡವ್ವ 'ಬೇಡ' ಎನ್ನಲು ಬಾಯಿ ತೆರೆದಳು. ತೆರೆದ ಬಾಯಿಗೆ ಮೊಮ್ಮಗಳು ತುತ್ತಿಟ್ಟು ಹಾರಿಹೋದಳು.

ಚೌಡವ್ವ ನುಂಗಿದಳು.